ಜೂನ್ ತಿಂಗಳ ಫೀಸಿಗೊಂದು ನಿಧಿ: ನಮ್ಮ ಕಾಲೇಜಿನ ಪರವಾಗಿ ಮನವಿ

ಪ್ರೀತಿಯ ಹಳೆ ವಿದ್ಯಾರ್ಥಿಗಳೇ, ಅಂಕೋಲಾ, ಕಾರವಾರ, ಕುಮಟಾ ಕಡೆಯ ಊರವರೇ,

ನಮಸ್ಕಾರ. ನಮ್ಮ ಕಾಲೇಜು ಮುಚ್ಚುತ್ತದಂತೆ ಅನ್ನುವ ಮಾತು ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುತ್ತಿತ್ತು. ಮುಚ್ಚಲಿಲ್ಲ. ಈಗ ಸಂಬಳ ತಿಂಗಳಿಗೆ ಸರಿಯಾಗಿ ಆಗುತ್ತಿದೆ. ಆದರೆ ಪೂರ್ತಿ ಸುಧಾರಿಸಿದ್ದೇವೆ ಅಂತ ಹೇಳುವ ಹಾಗಿಲ್ಲ. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇವೆ.

ಕಷ್ಟ ಒಂದೇ ದಿನ ಬಂದದ್ದಲ್ಲ. ಸರ್ಕಾರವೇ ಸಂಬಳ ಕೊಡುವ ಅನುದಾನಿತ ಹುದ್ದೆಯಲ್ಲಿದ್ದ ಮೇಷ್ಟ್ರುಗಳು ಒಬ್ಬೊಬ್ಬರಾಗಿ ನಿವೃತ್ತರಾದರು. ಆ ಜಾಗ ಖಾಲಿಯೇ ಉಳಿಯಿತು. ಪಾಠ ನಿಲ್ಲಿಸೋಕಾಗಲ್ಲ ಅಲ್ವಾ? ಅವರ ಬದಲಿಗೆ ಬಂದವರ ಸಂಬಳ ಆಡಳಿತ ಮಂಡಳಿಯ ತಲೆಗೆ ಬಂತು. ಮೇಲಿಂದ ಕೋವಿಡ್ ಬಂತು, ಫೀಸು ಬಾಕಿ ಬಿತ್ತು.

ಹೊಸ ಅಧ್ಯಕ್ಷರು ಬಂದವರೇ ಲೆಕ್ಕವನ್ನು ಎಲ್ಲರೆದುರು ಇಟ್ಟರು. ಪ್ರತಿ ತಿಂಗಳ ಜಮಾ ಖರ್ಚಿನ ಹಾಳೆ ಈಗ ನೋಟಿಸ್ ಬೋರ್ಡಿನಲ್ಲಿ ಟೈಮ್‌ಟೇಬಲ್ ಪಕ್ಕದಲ್ಲೇ ಇರುತ್ತದೆ. ಕರೆಂಟ್ ಬಿಲ್ಲು, ಲ್ಯಾಬಿನ ಆಸಿಡ್ಡು, ಅತಿಥಿ ಉಪನ್ಯಾಸಕರ ಸಂಬಳ, ಎಲ್ಲ ಅದರಲ್ಲಿದೆ. ಗೇಟಿನ ಹತ್ತಿರ ಏಳಬೇಕಿದ್ದ ಕಮಾನಿನ ಕೆಲಸ ನಿಲ್ಲಿಸಿದರು. ಬಾಕಿ ಸಂಬಳ ಕೊಡುವಾಗ ಅಟೆಂಡರು, ಕಸ ಗುಡಿಸುವವರಿಂದ ಶುರು ಮಾಡಿದರು. ಪ್ರಿನ್ಸಿಪಾಲರ ಬಾಕಿ ಎಲ್ಲರಿಗಿಂತ ಕೊನೆಗೆ ತೀರಿತು. ಈ ಒಂದು ಕೆಲಸದಿಂದಲೇ ಅಧ್ಯಕ್ಷರ ಮೇಲೆ ನಮಗೆ ನಂಬಿಕೆ ಬಂತು.

ಫೀಸು ಜಾಸ್ತಿ ಮಾಡಿ ಅಂತ ಮೀಟಿಂಗಿನಲ್ಲಿ ಹಲವರು ಹೇಳಿದರು. ಅಧ್ಯಕ್ಷರು ಒಪ್ಪಲಿಲ್ಲ. ಅದು ಸರಿ ಅಂತಲೇ ನಮ್ಮ ಅಭಿಪ್ರಾಯ. ಯಾಕೆಂದರೆ ನಮ್ಮ ಕರಾವಳಿಯ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು, ನಿಷೇಧ ಬೇಕೇ ಬೇಕು. ಆದರೆ ಡಿಗ್ರಿ ಅಡ್ಮಿಷನ್ ನಡೆಯುವುದೂ ಅದೇ ದಿನಗಳಲ್ಲಿ! ಬೋಟು ದಡದಲ್ಲಿ, ಬಲೆ ಹೊಲಿಗೆಯಲ್ಲಿ, ತಾಯಿಯ ಬುಟ್ಟಿಯಲ್ಲಿ ಮಾರೋಕೆ ಒಣಮೀನು ಬಿಟ್ಟರೆ ಬೇರೆ ಏನೂ ಇಲ್ಲ. ಆಗಲೇ ಮಗಳ ಕೈಯಲ್ಲಿ ಫೀಸಿನ ಚಲನ್. ಆಗಸ್ಟ್ ಬಂದರೆ ಆ ಮನೆಯವರು ಖಂಡಿತ ಕಟ್ಟುತ್ತಾರೆ. ಅಷ್ಟರೊಳಗೆ ಸೀಟು ಹೋಗಿರುತ್ತದೆ. ಕೆಲವು ಹುಡುಗರು ಅಲ್ಲೇ ಓದು ಬಿಟ್ಟು ಗೋವಾಕ್ಕೆ ಕೆಲಸಕ್ಕೆ ಹೋಗಿಬಿಡುತ್ತಾರೆ.

ಈ ನಡುವಿನ ಎರಡು ತಿಂಗಳನ್ನು ದಾಟಿಸುವ ನಿಧಿ ಬೇಕು. ನಾವು ಕೇಳುತ್ತಿರುವುದು ಇದನ್ನೇ. ನಿಧಿಯಿಂದ ಜೂನ್‌ನಲ್ಲಿ ಫೀಸು ತುಂಬಿಕೊಳ್ಳುತ್ತೇವೆ. ಮೀನುಗಾರಿಕೆ ಶುರುವಾದ ಮೇಲೆ ಮನೆಯವರು ಕಂತಿನಲ್ಲಿ ಕೊಡುತ್ತಾರೆ. ಬಡ್ಡಿ ಇಲ್ಲ. ಬಂದ ಹಣ ಮುಂದಿನ ವರ್ಷದ ಮಕ್ಕಳಿಗೆ. ಕಾಲೇಜಿಗೂ ಜೂನ್, ಜುಲೈ ಸಂಬಳ ಹೊಂದಿಸಲು ಕೈಗಡ ಬೇಕಾಗುವುದಿಲ್ಲ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಕೊಡುವವರಿಗೆ ಕಟ್ಟಡ ಇಷ್ಟ. ನಮ್ಮಲ್ಲಿ ಪ್ರತಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿದೆ. ಅವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಫ್ಯಾನಿಗೆ ಅಂತ ಬಂದ ಹಣದಿಂದ ಸಂಬಳ ಕೊಡೋಕೆ ಬರುವುದಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಸ್ವೀಟ್ ಬ್ರಯರ್ ಎಂಬ ಹೆಣ್ಣುಮಕ್ಕಳ ಕಾಲೇಜಿದೆ. ಅದರದ್ದೂ ಇದೇ ಕತೆ. ಠೇವಣಿ ದೊಡ್ಡದಿತ್ತು, ಆದರೆ ಬಹುಪಾಲು ದಾನಿಗಳ ಷರತ್ತಿಗೆ ಕಟ್ಟುಬಿದ್ದಿತ್ತು. 2015ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಕಾಲೇಜು ಮುಚ್ಚುವುದಾಗಿ ಸಾರಿಬಿಟ್ಟಿತು. ಹಳೆ ವಿದ್ಯಾರ್ಥಿನಿಯರು ಸುಮ್ನೆ ಕೂರಲಿಲ್ಲ. ಕೋರ್ಟಿಗೆ ಹೋದರು. ರಾಜಿಯಾದಾಗ 1.2 ಕೋಟಿ ಡಾಲರ್ ಕೊಡುವ ಹೊಣೆ ಹೊತ್ತರು. ಆ ಬೇಸಿಗೆಯಲ್ಲಿ ಹೊಸ ಅಧ್ಯಕ್ಷ ಫಿಲಿಪ್ ಸ್ಟೋನ್ ಬಂದರು, ಕಾಲೇಜಿನ ಬಾಗಿಲು ಮತ್ತೆ ತೆರೆಯಿತು. 2017ರಲ್ಲಿ ಅವರ ನಂತರ ಬಂದ ಮೆರೆಡಿತ್ ವೂ ಫೀಸನ್ನು ಏರಿಸುವ ಬದಲು ಇಳಿಸಿದರು. ಆ ಕಾಲೇಜನ್ನು ಉಳಿಸಿದವರು ಅಲ್ಲೇ ಓದಿದವರು. ನಮ್ಮವರಿಗೂ ಅದು ಆಗದ ಕೆಲಸವಲ್ಲ.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ರೈತರು, ಮೀನುಗಾರರ ಮಕ್ಕಳಿಗೆ ಮನೆ ಹತ್ತಿರವೇ ಹೈಸ್ಕೂಲು ಸಿಕ್ಕಿತು. ಆ ಟ್ರಸ್ಟಿನ ಜನತಾ ವಿದ್ಯಾಲಯಗಳಲ್ಲಿ ಓದಿದವರು ನಿಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ.

₹500 ಆದರೂ ಸರಿ, ₹5,000 ಆದರೂ ಸರಿ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ತಿಂಗಳು ಸ್ವಲ್ಪ ಕೊಟ್ಟರೆ ನಮಗೆ ಜಾಸ್ತಿ ಅನುಕೂಲ. ಲೆಕ್ಕ ಹಾಕಿ ಖರ್ಚು ಮಾಡಲು ಬರುತ್ತದೆ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಜೊತೆಗೆ ‘ಜೂನ್ ನಿಧಿಗೆ’ ಅಂತ ಬರೆಯಿರಿ. ಅದು ಬೇರೆ ಖಾತೆಗೆ ಹೋಗುತ್ತದೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ರಸೀದಿ ತಪ್ಪದೆ ಕೇಳಿ ಪಡೆಯಿರಿ.

ದುಡ್ಡು ಕೊಡಲು ಆಗದವರು ಒಂದು ಉಪಕಾರ ಮಾಡಿ. ನಿಮ್ಮ ಕೇರಿಯಲ್ಲಿ ಪಿಯುಸಿ ಪಾಸಾಗಿ ಫೀಸಿಗೆ ಹೆದರಿ ಕೂತ ಮಕ್ಕಳಿದ್ದರೆ ಕಾಲೇಜಿಗೆ ಕಳಿಸಿ. ಕಚೇರಿ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಮಳೆಗಾಲದಲ್ಲೂ.

ನಿಮ್ಮವರು,
ಆಡಳಿತ ಮಂಡಳಿ ಮತ್ತು ಹಳೆ ವಿದ್ಯಾರ್ಥಿಗಳ ಬಳಗ