ಪುಟ್ಟ ರೈಲಿಗೂ ನಮ್ಮ ಎರೆ ಹೊಲ ಬೇಕು

ಸಂಪಾದಕರೇ,

ರಜೆಯಲ್ಲಿ ಮಗಳ ಜೊತೆ ಸೇರಿ ಮನೆಯ ಮೂಲೆಯಲ್ಲಿ ಮಾದರಿ ರೈಲು ಹಳಿ ಹಾಕಿದ್ದೇನೆ. ಅಳತೆ 1:87, ಅಂದರೆ ಎಲ್ಲವೂ ನಿಜವಾದದ್ದರ 87ನೇ ಒಂದು ಭಾಗ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮನ್ನೇ ಮಾಡೋಣ ಅಂತ ಹಟ ಹಿಡಿದಳು, ಲೆಕ್ಕ ಹಾಕಿದರೆ 17 ಮೀಟರ್‌ಗಿಂತ ಜಾಸ್ತಿ ಬಂತು, ಮನೆ ದಾಟಿ ಓಣಿಗೇ ಹೋಗಬೇಕು! ಕೊನೆಗೆ ಅಣ್ಣಿಗೇರಿ ಕಡೆಯ ಹೊಲಕ್ಕೆ ಒಪ್ಪಿದಳು.

ಅಂಗಡಿಯಲ್ಲಿ ಸಿಗೋದು ಹಸಿರು ಹುಲ್ಲಿನ ಪುಡಿ. ನಮ್ಮ ಕಡೆ ಹಾಗಿಲ್ವಲ್ಲ. ಎರೆ ಮಣ್ಣನ್ನೇ ತಂದು ಒಣಗಿಸಿ, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಥರ್ಮಾಕೋಲ್ ಮೇಲೆ ಬಳಿದೆವು. ದಪ್ಪಗೆ ಬಳಿದದ್ದೇ ತಪ್ಪಾಯ್ತು. ಎರಡು ದಿನಕ್ಕೆ ಬಿರುಕು ಬಿಟ್ಟಿತು, ಥೇಟ್ ಬೇಸಿಗೆಯ ಹೊಲ. ಸುಮ್ನೆ ಹಾಗೇ ಬಿಟ್ಟೆವು, ಅದೇ ಚೆಂದ ಅಲ್ವಾ? ಹಳೆ ಕಸಬರಿಗೆಯ ಎಳೆ ಸಣ್ಣಗೆ ಕತ್ತರಿಸಿ ಚುಚ್ಚಿದರೆ ಕೊಯ್ದ ಜೋಳದ ಕೂಳೆ ರೆಡಿ.

ಸ್ಟೇಶನ್ ಮಾತ್ರ ಬಾಕಿ. ಹುಬ್ಬಳ್ಳಿ-ಗದಗ ಮಾರ್ಗದ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳೆಯ ಹಳಿ) ಕಾಲದ ಫೋಟೊ ಓದುಗರ ಹತ್ತಿರ ಇದ್ದರೆ ನಿಮ್ಮ ಪುರವಣಿಯಲ್ಲಿ ಹಾಕಿ. ಸಿಗ್ನಲ್ ಕಂಬ, ನೀರಿನ ಟ್ಯಾಂಕ್, ಬೇವಿನ ಮರ ಎಲ್ಲೆಲ್ಲಿದ್ದವು ಅಂತ ನೋಡಬೇಕು. ಮಗಳು ದಿನಾ ಕೇಳ್ತಿದ್ದಾಳೆ.

– ಒಬ್ಬ ಓದುಗ, ಹುಬ್ಬಳ್ಳಿ