ಕಿಲ್‌ಪೆಕ್‌ನಲ್ಲಿ ಇರೋದು ಬರೀ ‘ದಿಬ್ಬ’ವೇ?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಕಿಲ್‌ಪೆಕ್ ಹಳ್ಳಿಯ ಬಗ್ಗೆ ಓದಿದ್ದೇ ತಡ, ಊರಿಂದ ಬಂದಿರುವ ಅಮ್ಮ ಹಟ ಹಿಡಿದರು. ನಾವಿರುವ ಹೆರೆಫರ್ಡ್‌ನಿಂದ 9 ಮೈಲಿ ತಾನೇ, ಕರ್ಕೊಂಡು ಹೋಗೋಕೆ ಏನು ಕಷ್ಟ ಅಂತ. ಹೋದೆವು. ಕಷ್ಟ ಏನು ಅಂತ ಈಗ ಗೊತ್ತಾಗಿದೆ.

ನಿಮ್ಮ ಪುಟದ ತುಂಬ ಚರ್ಚು, ಅದರ ಬಾಗಿಲು, ನಾಯಿ-ಮೊಲದ ಕೆತ್ತನೆ. ಚೆನ್ನಾಗಿವೆ, ಇಲ್ಲ ಅನ್ನಲ್ಲ. ಬೇಲೂರು ಗುಡಿ ಎದ್ದ ಇಪ್ಪತ್ತು ಚಿಲ್ಲರೆ ವರ್ಷಕ್ಕೆ, ಸುಮಾರು 1140ರಲ್ಲಿ ಕೆತ್ತಿದ್ದು. ಆದರೆ ಹಿಂದೆಯೇ ನಿಂತಿರುವ, ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕೋಟೆಗೆ ಒಂದೇ ಸಾಲು: ಪಕ್ಕದಲ್ಲೊಂದು ದಿಬ್ಬವೂ ಇದೆ. ದಿಬ್ಬವಂತೆ! ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ಗುಡ್ಡೆ ಹಾಕಿ ಕಟ್ಟಿದ ಕೋಟೆ ಸ್ವಾಮಿ ಅದು. 1211ರಲ್ಲಿ ಇಂಗ್ಲೆಂಡಿನ ಜಾನ್ ದೊರೆಯೇ ಬಂದಿದ್ದ ಜಾಗ.

ನೆತ್ತಿಯ ಮೇಲೆ ಎರಡು ತುಂಡು ಗೋಡೆ ಉಳಿದಿದೆ. ಒಂದರಲ್ಲಿ ಬೆಂಕಿಗೂಡು, ಹೊಗೆ ಹೋಗುವ ಕೊಳವೆ ಈಗಲೂ ಕಾಣುತ್ತೆ. ಅಮ್ಮ ಒಳಗೆ ಕೈಯಿಟ್ಟು ಮಸಿ ಇದೆಯಾ ಅಂತ ಬೆರಳು ನೋಡಿಕೊಂಡರು. ಇಳಿಯುವಾಗ ಜಾರಿದರು. ಸೀರೆಯೆಲ್ಲ ಕೆಸರು, ಅಂಗೈಗೆ ತುರಿಕೆ ಸೊಪ್ಪು. ಕಾರು ಬೇರೆ ಅರ್ಧ ಮೈಲಿ ದೂರ. ನಿಮ್ಮ ಬರಹ ಓದಿದವರೆಲ್ಲ ಅವತ್ತೇ ಬಂದಿದ್ದರೋ ಏನೋ.

ಆಮೇಲೆ ಚರ್ಚಿನ ಆಚೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಮನೆಗೆ ಬಂದು ನಕ್ಷೆ ನೋಡಿದರೆ, ಅದೇ ಜನ ಬಿಟ್ಟುಹೋದ ಹಳೇ ಕಿಲ್‌ಪೆಕ್ ಊರು! ತಗ್ಗಾಗಿದ್ದದ್ದು ಬೀದಿ, ಉಬ್ಬಿದ್ದದ್ದು ಮನೆ ಜಾಗ, ಸುತ್ತಲಿನ ಮಣ್ಣಿನ ಏರಿ ಊರಿನ ಎಲ್ಲೆ. ಎಂಟುನೂರು ವರ್ಷದ ಹಿಂದಿನ ಯಾರದೋ ನಡುಮನೆಯಲ್ಲಿ ಟಿಫನ್ ಡಬ್ಬಿ ಬಿಚ್ಚಿದ್ದೇವೆ. ಹೇಳುವ ಬೋರ್ಡು ನಮ್ಮ ಕಣ್ಣಿಗಂತೂ ಬೀಳಲಿಲ್ಲ.

ಬೋರ್ಡು ಹಾಕಿಸಿ ಅಂತ ಒಂದು ಕಚೇರಿಗೆ ಫೋನ್ ಮಾಡಿದೆ. ನಮಗೆ ಸಂಬಂಧ ಇಲ್ಲ, ಇಮೇಲ್ ಹಾಕಿ ಅಂದರು. ನಮ್ಮ ಬೀದಿಯ ಗುಂಡಿಗೂ ಹೋದ ವರ್ಷ ಇದೇ ಉತ್ತರ. ಗುಂಡಿ ಹಾಗೇ ಇದೆ. ಪಾರ್ಕಿಂಗ್ ದಂಡದ ಚೀಟಿ ಮಾತ್ರ ಮೂರೇ ದಿನಕ್ಕೆ ಬರುತ್ತೆ, ಅದಕ್ಕೆ ಎಲ್ಲರಿಗೂ ಸಂಬಂಧ! ನಮ್ಮೂರ ಕೋಟೆ ಕಂದಕದ ಮಣ್ಣು ಟ್ರ್ಯಾಕ್ಟರ್‌ನಲ್ಲಿ ಹೋಗುವಾಗಲೂ ‘ಸಂಬಂಧ ಇಲ್ಲ’ ಅನ್ನೋ ಇದೇ ಉತ್ತರ ಸಿಕ್ಕಿತ್ತು, ಕನ್ನಡದಲ್ಲಿ.

ಯಾರಾದರೂ ಸರಿ, ಅಲ್ಲೊಂದು ಬೋರ್ಡು ಹಾಕಲಿ. ಇಲ್ಲ, ಆ ತುರಿಕೆ ಸೊಪ್ಪನ್ನಾದರೂ ಕಡಿಸಲಿ. ನೀವೂ ಅಷ್ಟೇ, ಮುಂದಿನ ಸಲ ವರದಿಗಾರರಿಗೆ ಚರ್ಚಿನ ಹಿಂದಕ್ಕೂ ಒಂದು ಸುತ್ತು ಹೋಗಿ ಬರೋಕೆ ಹೇಳಿ.

– ಒಬ್ಬ ಓದುಗ, ಹೆರೆಫರ್ಡ್