ನಾಯಕಿ ಸಿನಿಮಾ ಉಳಿಸಿದ್ದು ಹೇಗೆ ಎಂದೂ ಬರೆಯಿರಿ

ಮಾನ್ಯರೇ,

ಕಚೇರಿಯ ನಾಲ್ಕು ಗೋಡೆಯೊಳಗೆ ನಡೆಯುವ ಹಗುರ ಹಾಸ್ಯದ ಸಿನಿಮಾ ಬಂದಾಗಲೆಲ್ಲ ವಿಮರ್ಶೆಯಲ್ಲಿ ಒಂದು ಸಾಲು ತಪ್ಪುವುದಿಲ್ಲ: ‘ಕಥೆಯಲ್ಲಿ ಹುರುಳಿಲ್ಲ, ನಾಯಕಿಯ ಲವಲವಿಕೆ ನೋಡಿಸಿಕೊಂಡು ಹೋಗುತ್ತದೆ.’ ಆ ಲವಲವಿಕೆ ಯಾವ ದೃಶ್ಯದಲ್ಲಿ, ಹೇಗೆ ಕೆಲಸ ಮಾಡಿತು ಎಂಬುದು ಮಾತ್ರ ಓದುಗರಿಗೆ ತಿಳಿಯುವುದಿಲ್ಲ. ಪ್ರೇಮಾ ಅವರಿಂದ ರಶ್ಮಿಕಾ ಮಂದಣ್ಣ ಅವರವರೆಗೆ ಸಾಲು ಸಾಲು ನಾಯಕಿಯರನ್ನು ಕೊಟ್ಟ ಕೊಡಗಿನಲ್ಲೂ ಮಾತು ‘ನಮ್ಮೂರ ಹುಡುಗಿ’ ಎಂಬ ಹೆಮ್ಮೆಗೇ ನಿಂತುಬಿಡುತ್ತದೆ. ಅವರ ಕಸುಬಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇಂಥ ಚಿತ್ರಗಳಲ್ಲಿ ದೊಡ್ಡ ಘಟನೆ ಇರುವುದಿಲ್ಲ. ರಜೆ ಅರ್ಜಿ, ಕಾಣೆಯಾದ ಫೈಲು, ವರ್ಗಾವಣೆ ಆದೇಶ, ಇಷ್ಟೇ. ಸುತ್ತಲಿನವರು ಮುಖ ಕಿವುಚಿ ಕೂಗಾಡುವಾಗ ನಾಯಕಿ ಒಂದು ಪಟ್ಟು ತಗ್ಗಿದ ದನಿಯಲ್ಲಿ ಇದ್ದರೆ ಪ್ರೇಕ್ಷಕರ ಕಣ್ಣು ತಾನಾಗಿ ಅವಳ ಕಡೆ ಹೊರಳುತ್ತದೆ. ಮ್ಯಾನೇಜರ್ ತಲೆಬುಡವಿಲ್ಲದ ಆಜ್ಞೆ ಕೊಡುತ್ತಾನೆ ಎನ್ನಿ. ಅವಳು ಅವನ ಮುಖ ನೋಡಿ, ಫೈಲು ನೋಡಿ, ‘ಆಯ್ತು ಸಾರ್’ ಅನ್ನುತ್ತಾಳೆ. ನಗು ಇರುವುದು ಆ ಮಾತಿಗೆ ಮುಂಚಿನ ಅರ್ಧ ಸೆಕೆಂಡಿನಲ್ಲಿ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಬರೀ 12 ಫ್ರೇಮು. ವೇಗ ಬೇಕೆಂದು ಸಂಕಲನದಲ್ಲಿ ಅದನ್ನು ಕತ್ತರಿಸಿದರೆ ಅಥವಾ ಅಲ್ಲಿ ‘ಟೊಂಯ್’ ಎಂಬ ಹಿನ್ನೆಲೆ ಸದ್ದು ತುರುಕಿದರೆ ನಟಿ ದುಡಿದದ್ದೆಲ್ಲ ನೀರುಪಾಲು.

ಅದಕ್ಕಿಂತ ದೊಡ್ಡ ನಷ್ಟ ದನಿಯದು. ನಾಯಕಿಗೆ ಬೇರೊಬ್ಬರಿಂದ ಡಬ್ಬಿಂಗ್ ಮಾಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಹೊಡೆದಾಟದ ಚಿತ್ರದಲ್ಲಿ ಅದು ಅಷ್ಟಾಗಿ ಬಾಧಿಸದು, ಹಾಸ್ಯದಲ್ಲಿ ಬಾಧಿಸುತ್ತದೆ. ಮಾತಿಗೆ ಮೊದಲು ಎಳೆದುಕೊಂಡ ಉಸಿರು, ನುಂಗಿದ ಪದ, ತಡೆದ ನಗು ಚಿತ್ರೀಕರಣದ ಜಾಗದಲ್ಲೇ ಹುಟ್ಟುವಂಥವು. ಡಬ್ಬಿಂಗ್ ಕಲಾವಿದೆ ಎಷ್ಟೇ ನುರಿತವರಾದರೂ ತುಟಿಯ ಚಲನೆಗೆ ಮಾತು ಹೊಂದಿಸುವುದರಲ್ಲೇ ಅವರ ಗಮನ ಹೋಗುತ್ತದೆ. ಚಿತ್ರೀಕರಣದ ಹೊತ್ತಿನಲ್ಲೇ ದನಿ ಮುದ್ರಿಸಿಕೊಳ್ಳುವ ಸಿಂಕ್ ಸೌಂಡ್‌ನಲ್ಲಿ ತೆಗೆಯಲು ಖರ್ಚು ಹೆಚ್ಚು ಎಂಬುದು ನಿಜ. ಆದರೆ ಇಡೀ ಕಥೆ ಒಂದೇ ಕಚೇರಿಯ ಒಳಗೆ ನಡೆಯುವಾಗ ಸದ್ದನ್ನು ಹಿಡಿತದಲ್ಲಿಡುವುದು ರಸ್ತೆ, ಸಂತೆಗಿಂತ ಎಷ್ಟೋ ಸುಲಭ. ಕೊಡವ ತಕ್ಕ್ ಅಥವಾ ಅರೆಭಾಷೆ ಮನೆಮಾತಾದವರ ಕನ್ನಡಕ್ಕೆ ಅದರದೇ ಏರಿಳಿತವಿದೆ. ಅದನ್ನು ದೋಷವೆಂದು ಅಳಿಸುವ ಬದಲು ಪಾತ್ರಕ್ಕೇ ಕೊಟ್ಟು ನೋಡಬೇಕು. ಎಲ್ಲ ನಾಯಕಿಯರೂ ಒಂದೇ ದನಿಯಲ್ಲಿ ಮಾತಾಡುವುದನ್ನು ಕೇಳಿ ಕೇಳಿ ಸಾಕಾಗಿದೆ.

ಇನ್ನು ಕೈಗೆ ಕೆಲಸ. ಕಚೇರಿ ಹಾಸ್ಯದ ನಾಯಕಿ ನಿಜವಾಗಿ ಏನಾದರೂ ಮಾಡುತ್ತಿರಬೇಕು. ಕಾಫಿ ತೋಟದ ಬಟವಾಡೆ ದಿನವನ್ನೇ ತೆಗೆದುಕೊಳ್ಳಿ. ಅವಳು ಕೂಲಿಕಾರರ ಹಾಜರಿ ಪಟ್ಟಿಯಾದ ಚೆಕ್‌ರೋಲ್ ನೋಡಿಕೊಂಡು ನೋಟು ಎಣಿಸುತ್ತಿದ್ದಾಳೆ, ಒಬ್ಬರಾದ ಮೇಲೊಬ್ಬರು ಬಂದು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತಲೇ ಎಣಿಕೆ ಸಾಗುತ್ತದೆ. ಎಣಿಕೆ ತಪ್ಪುವ ಆ ಒಂದು ಪ್ರಶ್ನೆಯಲ್ಲಿ ನಗುವೂ ಇದೆ, ಅವಳ ಮನಸ್ಸೂ ಇದೆ. ಇದು ಫಲಿಸಬೇಕಾದರೆ ನಟಿ ಕೆಲವು ದಿನ ಮೊದಲೇ ನೋಟು ಎಣಿಸಿ ಕೈ ಪಳಗಿಸಿಕೊಂಡಿರಬೇಕು. ಪ್ರತಿ ಟೇಕಿನಲ್ಲೂ ಅದೇ ಪದಕ್ಕೆ ಅದೇ ನೋಟು ಮಗುಚಬೇಕು. ಇಲ್ಲದಿದ್ದರೆ ದೂರದ ಶಾಟ್‌ಗೂ ಕ್ಲೋಸಪ್‌ಗೂ ಹೊಂದಿಕೆಯಾಗದೆ ಸಂಕಲನಕಾರರು ದೃಶ್ಯವನ್ನು ಚೂರು ಮಾಡಬೇಕಾಗುತ್ತದೆ. ಮಾತು ಬಂದಾಗಲೆಲ್ಲ ಕೈ ನಿಂತರೆ ಕೊಡಗಿನ ಯಾವ ಪ್ರೇಕ್ಷಕರೂ ಅವಳನ್ನು ತೋಟದ ಕಚೇರಿಯವಳೆಂದು ನಂಬುವುದಿಲ್ಲ.

ಪತ್ರಿಕಾ ಕಚೇರಿಯ ಹಾಸ್ಯವಾದ 1940ರ ‘ಹಿಸ್ ಗರ್ಲ್ ಫ್ರೈಡೇ’ ಇದಕ್ಕೆ ಒಳ್ಳೆಯ ಪಾಠ. ಮೂಲ ನಾಟಕದಲ್ಲಿ ಗಂಡಸಾಗಿದ್ದ ವರದಿಗಾರನ ಪಾತ್ರವನ್ನು ನಿರ್ದೇಶಕ ಹೊವಾರ್ಡ್ ಹಾಕ್ಸ್ ಹೆಣ್ಣಾಗಿಸಿ ರೋಸಲಿಂಡ್ ರಸೆಲ್ ಅವರಿಗೆ ಕೊಟ್ಟರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದರೂ ಅರ್ಥ ಕೆಡದಂತೆ, ಮುಖ್ಯ ಪದಗಳನ್ನು ವಾಕ್ಯದ ನಡುವೆ ಇರಿಸಿ ಆಚೀಚೆ ಬಿಟ್ಟರೂ ನಡೆಯುವ ಪದಗಳನ್ನು ಸೇರಿಸಿದ್ದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಉಪಾಯಕ್ಕೆ ನಮ್ಮ ಸಂಭಾಷಣೆಕಾರರು ಇನ್ನಷ್ಟು ಬೆವರು ಸುರಿಸಬೇಕು. ‘ಅಲ್ವಾ ಸಾರ್’, ‘ಅಂತ ಹೇಳಿ’ ಎಂಬಂಥ ಬಾಲಗಳು ಅದಕ್ಕೇ ಒದಗುತ್ತವೆ.

ನಾಯಕಿ ಎಲ್ಲವನ್ನೂ ಉಳಿಸಲಾರಳು. ಮಧ್ಯಂತರದ ನಂತರ ಕಚೇರಿಯನ್ನೇ ಬಿಟ್ಟು ಕಥೆ ಪ್ರೇಮ, ಖಳನಾಯಕ ಅಂತ ಹೊರಟರೆ ಅವಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಅಂಥ ಚಿತ್ರ ಸೋತಾಗ ಆ ಸೋಲನ್ನು ನಟಿಯ ತಲೆಗೆ ಕಟ್ಟಬಾರದು.

ನಿಮ್ಮ ವಿಮರ್ಶಕರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ‘ಲವಲವಿಕೆ’ ಎಂದು ಬರೆಯುವಾಗ ಒಂದು ದೃಶ್ಯವನ್ನಾದರೂ ಬಿಡಿಸಿ ತೋರಿಸಿ. ನಾಯಕಿಯ ದನಿ ಅವರದೇ ಹೌದೋ ಅಲ್ಲವೋ ತಿಳಿಸಿ. ಬೇರೆಯವರದಾದರೆ ಅವರ ಹೆಸರನ್ನೂ ಕೊಡಿ.

– ಚಿತ್ರಾಸಕ್ತ ಓದುಗರು, ಮಡಿಕೇರಿ